ಮೂರು ದಿನದಲ್ಲಿ ಗೆದ್ದ ಅಜವಾದ್ ಮೂರು ತಿಂಗಳೂ ಉಳಿಯಲಿಲ್ಲ, ಯಾಕೆ?

ಪ್ರಶ್ನೆ: ಸರ್, 2012ರಲ್ಲಿ ಆಫ್ರಿಕಾದ ಮಾಲಿ ದೇಶದ ಉತ್ತರ ಭಾಗವನ್ನು ಸಹಾರಾ ಮರುಭೂಮಿಯ ಅಲೆಮಾರಿ ಜನರಾದ ಟುವಾರೆಗ್ ಬಂಡುಕೋರರು ಗೆದ್ದು, 'ಅಜವಾದ್' ಅಂತ ಹೊಸ ದೇಶ ಘೋಷಿಸಿದರು ಎಂದು ಓದಿದ್ದೆ. ಆಮೇಲೆ ಅದರ ಸುದ್ದಿಯೇ ಇಲ್ಲ. ನೆಲ ಕೈಯಲ್ಲಿದ್ದರೂ ಒಂದು ದೇಶವೂ ಯಾಕೆ ಮಾನ್ಯತೆ ಕೊಡಲಿಲ್ಲ? ಇದು ಧರ್ಮದ ಜಗಳವೇ? ಆ ಜನಕ್ಕೆ ಈಗ ಯಾವ ದೇಶದ ಪಾಸ್‌ಪೋರ್ಟ್?

ಉತ್ತರ: ಮೊದಲು ಆ ಗೆಲುವಿನ ಲೆಕ್ಕ ನೋಡೋಣ. 2012ರ ಮಾರ್ಚ್ 30ಕ್ಕೆ ಕಿಡಾಲ್ ಬಿತ್ತು. 31ಕ್ಕೆ ಗಾವೊ. ಏಪ್ರಿಲ್ 1ಕ್ಕೆ ಟಿಂಬಕ್ಟು. ಮೂರು ದಿನ, ಮೂರು ಪ್ರಾಂತ್ಯಗಳ ಮುಖ್ಯ ಊರುಗಳು. ಫ್ರಾನ್ಸ್‌ಗಿಂತ ದೊಡ್ಡ ನೆಲ. ಮಾಲಿಯ ಒಟ್ಟು ವಿಸ್ತೀರ್ಣದಲ್ಲಿ ಸುಮಾರು ಮೂರನೇ ಎರಡು ಪಾಲು, ಆದರೆ ಜನಸಂಖ್ಯೆ ನೋಡಿದರೆ ಹತ್ತರಲ್ಲಿ ಒಬ್ಬರು. ಏಪ್ರಿಲ್ 6ರಂದು ಎಂಎನ್‌ಎಲ್‌ಎ, ಅಂದರೆ ಅಜವಾದ್ ರಾಷ್ಟ್ರೀಯ ವಿಮೋಚನಾ ಚಳವಳಿ, ಸ್ವಾತಂತ್ರ್ಯ ಘೋಷಿಸಿತು. ಘೋಷಣೆಯ ಕೆಳಗೆ ಗಾವೊ ಎಂದು ಊರಿನ ಹೆಸರು ಹಾಕಿ ಸಹಿ ಮಾಡಿದವರು ಸಂಘಟನೆಯ ಪ್ರಧಾನ ಕಾರ್ಯದರ್ಶಿ ಬಿಲಾಲ್ ಅಗ್ ಅಶೆರಿಫ್. ಜಗತ್ತಿಗೆ ಅದನ್ನು ಸಾರಿದ್ದು ಮಾತ್ರ ಫ್ರಾನ್ಸಿನ ಒಂದು ಟಿವಿ ವಾಹಿನಿಯಲ್ಲಿ, ವಕ್ತಾರ ಮೋಸಾ ಅಗ್ ಅತ್ತಾಹೆರ್. ('ಅಗ್' ಅಂದರೆ ಮಗ. ಮುಂದೆ ಇಂಥ ಹೆಸರುಗಳು ಜಾಸ್ತಿ ಬರುತ್ತವೆ, ಗೊಂದಲ ಬೇಡ.)

ಇಷ್ಟು ಸುಲಭವಾಗಿ ಗೆದ್ದಿದ್ದು ಹೇಗೆ? ಹಿಂದಿನ ವರ್ಷ ಲಿಬಿಯಾದಲ್ಲಿ ಗಡಾಫಿ ಬಿದ್ದಿದ್ದ. ಅವನ ಸೈನ್ಯದಲ್ಲಿ ವರ್ಷಗಟ್ಟಲೆ ದುಡಿದಿದ್ದ ಟುವಾರೆಗ್ ಯೋಧರು ಜೀಪು, ಮದ್ದುಗುಂಡು ತುಂಬಿಕೊಂಡು ಮರುಭೂಮಿ ದಾಟಿ ಮನೆಗೆ ಬಂದರು. ಎಂಎನ್‌ಎಲ್‌ಎ ಪಡೆಗಳ ಮುಖ್ಯಸ್ಥ ಮೊಹಮ್ಮದ್ ಅಗ್ ನಜೀಮ್ ಲಿಬಿಯಾ ಸೈನ್ಯದಲ್ಲಿ ಕರ್ನಲ್ ಆಗಿದ್ದವನೇ. ಜನವರಿ 17ಕ್ಕೆ ಮೆನಾಕಾ ಊರಿನ ಮೇಲೆ ಮೊದಲ ದಾಳಿ. ಅದೇ ತಿಂಗಳು ಅಗೆಲ್‌ಹೊಕ್‌ನಲ್ಲಿ ಸೆರೆ ಸಿಕ್ಕ ಮಾಲಿ ಸೈನಿಕರನ್ನು ಕೊಂದು ಹಾಕಿದರು. ಸತ್ತವರ ಹೆಂಡಂದಿರು ರಾಜಧಾನಿ ಕಡೆ ಬೀದಿಗಿಳಿದರು. ಗುಂಡಿಲ್ಲ, ಊಟ ಇಲ್ಲ, ಗಂಡಂದಿರನ್ನು ಸುಮ್ನೆ ಸಾಯೋಕೆ ಕಳಿಸಿದಿರಿ ಅನ್ನೋದು ಅವರ ಸಿಟ್ಟು. ಆ ಸಿಟ್ಟು ಬ್ಯಾರಕ್ ಒಳಗೂ ಹೋಯಿತು. ಮಾರ್ಚ್ 22ಕ್ಕೆ ಕ್ಯಾಪ್ಟನ್ ಅಮದು ಸನೊಗೊ ಎಂಬಾತ ಅಧ್ಯಕ್ಷ ಅಮದು ತುಮಾನಿ ತುರೆ ಅವರನ್ನು ಕೆಳಗಿಳಿಸಿದ. ರಾಜಧಾನಿ ಬಮಾಕೊದಲ್ಲಿ ಯಾರು ಸರ್ಕಾರ ಅಂತಲೇ ಗೊತ್ತಿಲ್ಲದಿರುವಾಗ ಸಾವಿರ ಕಿಲೋಮೀಟರ್ ಆಚೆ ಇರುವ ಸೈನಿಕ ಯಾರಿಗಾಗಿ ಹೋರಾಡಬೇಕು? ಬಿಟ್ಟು ಓಡಿದ. ಬಂಡುಕೋರರ ಗೆಲುವಿನಲ್ಲಿ ಅರ್ಧ ಪಾಲು ಬಮಾಕೊದ ಕೊಡುಗೆ.

ಆದರೆ ಸಿಟ್ಟು 2012ರದಲ್ಲ. 1958ರಲ್ಲೇ, ಫ್ರೆಂಚರು ಇನ್ನೂ ಆಳುತ್ತಿದ್ದಾಗ, ಟಿಂಬಕ್ಟು ಖಾಜಿಯ ಮುಂದಾಳತ್ವದಲ್ಲಿ ಉತ್ತರದ ಹಿರಿಯರು ಫ್ರಾನ್ಸಿಗೆ ಒಂದು ಪತ್ರ ಬರೆದಿದ್ದರು. ನೀವು ಹೋಗುವಾಗ ನಮ್ಮನ್ನು ದಕ್ಷಿಣದವರ ಜೊತೆ ಕಟ್ಟಬೇಡಿ ಅನ್ನೋದು ಅದರ ಸಾರ. ಕಟ್ಟಿದರು. 1960ರಲ್ಲಿ ಮಾಲಿ ಸ್ವತಂತ್ರವಾಯಿತು. ಮೊದಲ ಅಧ್ಯಕ್ಷ ಮೊದಿಬೊ ಕೇಟಾ ಸಮಾಜವಾದಿ. ಒಂಟೆ, ಮೇಕೆ ಹಿಂದೆ ಅಲೆಯುವ ಜನ ಅವರ ಸರ್ಕಾರದ ಕಣ್ಣಿಗೆ ಹಿಂದುಳಿದವರು. ಇವರಿಂದ ದನಕರುಗಳ ಮೇಲಿನ ತೆರಿಗೆ ವಸೂಲಿ ಮಾಡಬೇಕು, ಒಂದು ಕಡೆ ಕೂರಿಸಬೇಕು ಅನ್ನೋ ಧೋರಣೆ. 1963ರಲ್ಲಿ ಕಿಡಾಲ್ ಸುತ್ತ ಬಂಡಾಯ ಎದ್ದಿತು. ಬಂಡಾಯಗಾರರು ಬೆರಳೆಣಿಕೆಯ ಜನ, ಒಂಟೆ ಮೇಲೆ. ಸೈನ್ಯ ಅದನ್ನು 1964ರ ಹೊತ್ತಿಗೆ ತುಂಬ ಕ್ರೂರವಾಗಿ ಹೊಸಕಿ ಹಾಕಿತು. ಆಮೇಲೂ ವರ್ಷಗಟ್ಟಲೆ ಕಿಡಾಲ್ ಮಿಲಿಟರಿ ಆಡಳಿತದಲ್ಲಿತ್ತು. ಜಾನುವಾರು ಕೊಂದರು, ಬಾವಿಗಳಿಗೆ ವಿಷ ಹಾಕಿದರು ಅನ್ನೋ ಮಾತು ಆ ಕಡೆಯ ಮನೆಗಳಲ್ಲಿ ಇವತ್ತಿಗೂ ಮಕ್ಕಳಿಗೆ ಹೇಳುವ ಕಥೆ. 2012ರ ನಾಯಕರು ಆ ಕಥೆ ಕೇಳಿ ಬೆಳೆದವರು.

ಮುಂದೆ ಬರ. 1970ರ ದಶಕದ ಮೊದಲ ವರ್ಷಗಳಲ್ಲಿ ಒಂದು, 1984-85ರಲ್ಲಿ ಇನ್ನೊಂದು. ದನ ಸತ್ತವು. ಅಲೆಮಾರಿಗೆ ದನ ಹೋದರೆ ಬ್ಯಾಂಕ್ ಖಾತೆ, ಮನೆ, ಮರ್ಯಾದೆ ಎಲ್ಲ ಒಟ್ಟಿಗೆ ಹೋದ ಹಾಗೆ. ಹುಡುಗರು ಕೆಲಸ ಹುಡುಕಿ ಅಲ್ಜೀರಿಯಾಕ್ಕೆ, ಲಿಬಿಯಾಕ್ಕೆ ಹೊರಟರು. ಅವರನ್ನು 'ಇಶುಮಾರ್' ಅಂತ ಕರೆದರು. ಫ್ರೆಂಚಿನಲ್ಲಿ ನಿರುದ್ಯೋಗಿಗೆ 'ಶೋಮರ್' ಅನ್ನುತ್ತಾರೆ, ಅದನ್ನೇ ಟುವಾರೆಗರ ತಮಾಶೆಕ್ ಭಾಷೆಗೆ ಒಗ್ಗಿಸಿಕೊಂಡ ಪದ. ಗಡಾಫಿಯ ತರಬೇತಿ ಶಿಬಿರಗಳಲ್ಲಿ ಇವರು ಬಂದೂಕು ಹಿಡಿಯೋದು ಕಲಿತರು, ಜೊತೆಗೆ ಗಿಟಾರ್ ನುಡಿಸೋದೂ. ಟೇಪ್‌ರೆಕಾರ್ಡರ್ ಕ್ಯಾಸೆಟ್ಟಿನಲ್ಲಿ ಹಾಡು ಕೈಯಿಂದ ಕೈಗೆ ಹೋಗುತ್ತಿತ್ತು. ಕುಲ, ಪಂಗಡ ದಾಟಿದ 'ನಾವು' ಅನ್ನೋ ಭಾವನೆ ಹುಟ್ಟಿದ್ದು ಅಲ್ಲಿ, ಪರದೇಶದಲ್ಲಿ.

1990ರ ಜೂನ್‌ನಲ್ಲಿ ಈ ಹುಡುಗರು ವಾಪಸ್ ಬಂದು ಮೆನಾಕಾ ಮೇಲೆ ದಾಳಿ ಮಾಡಿದರು. ನಾಯಕನ ಹೆಸರು ಇಯಾದ್ ಅಗ್ ಘಾಲಿ. ಈ ಹೆಸರನ್ನು ನೆನಪಿಟ್ಟುಕೊಳ್ಳಿ. 1991ರ ಜನವರಿಯಲ್ಲಿ ಅಲ್ಜೀರಿಯಾದ ತಮನ್‌ರಾಸೆಟ್‌ನಲ್ಲಿ ಒಪ್ಪಂದ. 1992ರಲ್ಲಿ ರಾಷ್ಟ್ರೀಯ ಒಡಂಬಡಿಕೆ ಅಂತ ಇನ್ನೊಂದು. 1996ರ ಮಾರ್ಚ್ 27ರಂದು ಟಿಂಬಕ್ಟುವಿನಲ್ಲಿ ಸುಮಾರು 3,000 ಬಂದೂಕುಗಳನ್ನು ರಾಶಿ ಹಾಕಿ ಸುಟ್ಟರು. ಅದಕ್ಕೆ 'ಶಾಂತಿಯ ಜ್ವಾಲೆ' ಅಂತ ಹೆಸರು. ಆ ಜಾಗದಲ್ಲಿ ಒಂದು ಸ್ಮಾರಕ ಕಟ್ಟಿದರು, ಬಂದೂಕಿನ ಕಬ್ಬಿಣವನ್ನು ಸಿಮೆಂಟಿಗೆ ಸೇರಿಸಿ. ಹತ್ತು ವರ್ಷಕ್ಕೆ, 2006ರಲ್ಲಿ, ಮತ್ತೆ ಬಂಡಾಯ, ಮತ್ತೆ ಅಲ್ಜೀರಿಯಾದಲ್ಲಿ ಒಪ್ಪಂದ.

ಪ್ರತಿ ಸಲವೂ ಒಂದೇ ದಾರಿ: ಗುಂಡು, ಮಾತುಕತೆ, ಸಹಿ, ಒಂದಷ್ಟು ಬಂಡುಕೋರರಿಗೆ ಸೈನ್ಯದಲ್ಲಿ ಹುದ್ದೆ. ಒಪ್ಪಂದದ ಮಿಕ್ಕ ಭಾಗ ಫೈಲಿನಲ್ಲಿ. ಹುದ್ದೆ ಸಿಗದವರು ಮುಂದಿನ ಬಂಡಾಯದ ಮೊದಲ ಸಾಲಿನಲ್ಲಿ. ಸ್ವತಂತ್ರ ದೇಶ ಬೇಕು ಅನ್ನೋದು ಹಲವರಿಗೆ ನಿಜವಾದ ಆಸೆ, ಸಂಶಯವಿಲ್ಲ. ಆದರೆ ಕೆಲವರಿಗೆ ಅದು ಚೌಕಾಸಿಯಲ್ಲಿ ಮೊದಲು ಹೇಳುವ ದೊಡ್ಡ ರೇಟು. ಸಂತೆಯಲ್ಲಿ ಸಾವಿರ ಹೇಳಿ ಆರುನೂರಕ್ಕೆ ಇಳಿಯೋದಿಲ್ವಾ, ಹಾಗೆ. 2012ರಲ್ಲಿ ಆಗಿದ್ದೇನೆಂದರೆ, ಎದುರಿನ ವ್ಯಾಪಾರಿ ಅಂಗಡಿ ಬಿಟ್ಟು ಓಡಿಹೋದ. ಚೌಕಾಸಿ ಮಾಡೋಕೆ ಯಾರೂ ಇರಲಿಲ್ಲ. ಕೈಗೆ ದೇಶವೇ ಬಂದುಬಿಟ್ಟಿತು.

ಈಗ ನಿಮ್ಮ ಮಾನ್ಯತೆಯ ಪ್ರಶ್ನೆ. ಆಫ್ರಿಕನ್ ಒಕ್ಕೂಟ ಈ ಘೋಷಣೆ ಅಸಿಂಧು ಎಂದಿತು. ಫ್ರಾನ್ಸ್, ಅಲ್ಜೀರಿಯಾ, ಐರೋಪ್ಯ ಒಕ್ಕೂಟ ಎಲ್ಲರದ್ದೂ ಅದೇ ಮಾತು. ಕಾರಣ ಹಳೆಯದು. 1964ರಲ್ಲಿ ಕೈರೋದಲ್ಲಿ ಸೇರಿದ ಆಫ್ರಿಕಾದ ನಾಯಕರು, ಬಿಳಿಯರು ಗೆರೆ ಎಳೆದ ಗಡಿಗಳು ಸರಿಯೋ ತಪ್ಪೋ, ಹಾಗೇ ಇಟ್ಟುಕೊಳ್ಳೋಣ ಅಂತ ತೀರ್ಮಾನಿಸಿದ್ದರು. ಒಂದು ದಾರ ಎಳೆದರೆ ಇಡೀ ಬಟ್ಟೆ ಬಿಚ್ಚಿಕೊಳ್ಳುತ್ತದೆ ಅನ್ನೋ ಭಯ. 1993ರಲ್ಲಿ ಎರಿಟ್ರಿಯಾ, 2011ರಲ್ಲಿ ದಕ್ಷಿಣ ಸುಡಾನ್ ಬೇರೆಯಾದವು ನಿಜ. ಆದರೆ ಎರಡೂ ಕಡೆ ಹಳೆಯ ದೇಶ ಒಪ್ಪಿತ್ತು, ಜನಮತ ಆಗಿತ್ತು. ಅಜವಾದ್‌ಗೆ ಎರಡೂ ಇರಲಿಲ್ಲ.

ನೆರೆಯವರ ಲೆಕ್ಕ ಬೇರೆ. ಅಲ್ಜೀರಿಯಾದ ದಕ್ಷಿಣದಲ್ಲಿ ಟುವಾರೆಗರಿದ್ದಾರೆ. ನೈಜರ್‌ನ ಉತ್ತರದಲ್ಲೂ ಇದ್ದಾರೆ, ಯುರೇನಿಯಂ ಗಣಿ ಇರೋದೂ ಅಲ್ಲೇ. ಈ ಕಾಯಿಲೆ ತಮ್ಮ ಮನೆಗೆ ಬರೋದು ಇಬ್ಬರಿಗೂ ಬೇಕಿರಲಿಲ್ಲ. ಎಂಎನ್‌ಎಲ್‌ಎಗೆ ಇದು ಗೊತ್ತಿತ್ತು. ಅದಕ್ಕೇ ಘೋಷಣಾ ಪತ್ರದಲ್ಲಿ, 1958ರ ಆ ಹಳೇ ಪತ್ರವನ್ನು ನೆನಪಿಸಿದ ಮೇಲೆ, ನೆರೆ ದೇಶಗಳ ಜೊತೆಗಿನ ಈಗಿನ ಗಡಿಗಳನ್ನು ನಾವು ಮುಟ್ಟುವುದಿಲ್ಲ ಅಂತ ಭರವಸೆ ಕೊಟ್ಟಿದ್ದರು. ನನಗೆ ಆ ಪತ್ರದಲ್ಲಿ ಅತಿ ಕುತೂಹಲದ ಸಾಲು ಇದೇ. ಫ್ರೆಂಚರ ಒಂದು ಗೆರೆಯನ್ನು ಅಳಿಸಿ, ಉಳಿದ ಗೆರೆಗಳಿಗೆ ಕೈಮುಗಿದ ದೇಶ ಅದು. ಅಲ್ಜೀರಿಯಾ, ನೈಜರ್‌ನಲ್ಲಿರುವ ಟುವಾರೆಗರನ್ನು ಹೊರಗಿಟ್ಟ ಟುವಾರೆಗ್ ರಾಜಕೀಯ. ಅಂದಹಾಗೆ ನೈಜರ್‌ನಲ್ಲಿ ಆಗ ಪ್ರಧಾನಿಯಾಗಿದ್ದವರು ಬ್ರಿಜಿ ರಫಿನಿ, ಅವರೂ ಟುವಾರೆಗ್. 2012ರಲ್ಲಿ ಅಲ್ಲಿ ದಂಗೆ ಏಳಲಿಲ್ಲ.

ಸರಿ, ಹೊರಗಿನವರು ಒಪ್ಪಲಿಲ್ಲ. ಒಳಗಿನವರು? ನನ್ನ ಪ್ರಕಾರ ನಿಜವಾದ ಸೋಲು ಇಲ್ಲಿದೆ. ಅಜವಾದ್ ಅಂತ ಗೆರೆ ಎಳೆದ ನೆಲದಲ್ಲಿ ಟುವಾರೆಗರು ಮಾತ್ರ ಇಲ್ಲ. ನೈಜರ್ ನದಿಯ ದಂಡೆಯಲ್ಲಿ ಭತ್ತ ಬೆಳೆಯುವ, ಮೀನು ಹಿಡಿಯುವ, ವ್ಯಾಪಾರ ಮಾಡುವ ಸೊಂಗೈ ಜನರಿದ್ದಾರೆ. ಅರಬರಿದ್ದಾರೆ, ಫುಲಾನಿಗಳಿದ್ದಾರೆ. ಗಾವೊ, ಟಿಂಬಕ್ಟು ಎರಡೂ ಊರುಗಳಲ್ಲಿ ಸೊಂಗೈ ಮಾತೇ ಜಾಸ್ತಿ. ಗಾವೊ ಒಂದು ಕಾಲಕ್ಕೆ ಸೊಂಗೈ ಸಾಮ್ರಾಜ್ಯದ ರಾಜಧಾನಿ. ಎಂಎನ್‌ಎಲ್‌ಎ ತನ್ನ ದೇಶದ ಮುಖ್ಯ ಊರು ಅಂತ ಆರಿಸಿಕೊಂಡಿದ್ದು ಇದನ್ನೇ! 1990ರ ದಶಕದಲ್ಲಿ ಟುವಾರೆಗ್ ಬಂಡಾಯಕ್ಕೆ ಎದುರಾಗಿ 'ಗಂಡಾ ಕೊಯ್' ಎಂಬ ಸೊಂಗೈ ಸಶಸ್ತ್ರ ಪಡೆ ಎದ್ದಿತ್ತು. 'ನೆಲದ ಒಡೆಯರು' ಅಂತ ಆ ಹೆಸರಿನ ಅರ್ಥ. ಹೆಸರಿನಲ್ಲೇ ಉತ್ತರ ಇದೆ, ಅಲ್ವಾ?

ಊರು ಗೆದ್ದ ಮೊದಲ ವಾರಗಳಲ್ಲಿ ಗಾವೊದಲ್ಲಿ ಲೂಟಿ ನಡೆಯಿತು. ಸರ್ಕಾರಿ ಕಚೇರಿ, ಆಸ್ಪತ್ರೆ, ನೆರವು ಸಂಸ್ಥೆಗಳ ಗೋದಾಮು ಯಾವುದನ್ನೂ ಬಿಡಲಿಲ್ಲ. ಎಲ್ಲ ಲೂಟಿಯೂ ಎಂಎನ್‌ಎಲ್‌ಎ ಮಾಡಿದ್ದಲ್ಲ, ಆದರೆ ಊರಿಗೆ ಬಾವುಟ ಹಾರಿಸಿದವರು ಅವರು, ಜವಾಬ್ದಾರಿಯೂ ಅವರದ್ದೇ. ಅದೇ ಊರಲ್ಲಿ ಮುಜಾವೊ ಎಂಬ ಜಿಹಾದಿ ಗುಂಪೂ ಇತ್ತು. ಅವರ ಹತ್ತಿರ ದುಡ್ಡಿತ್ತು. ಕಳ್ಳರನ್ನು ಹಿಡಿದು ಶಿಕ್ಷೆ ಕೊಡುವವರು, ಊರಿಗೆ ಕಾವಲು ನಿಲ್ಲುವವರು ತಾವೇ ಅಂತ ತೋರಿಸಿಕೊಂಡರು. ಜೂನ್ ಕೊನೆಯಲ್ಲಿ ಊರಿನ ಒಬ್ಬ ನಗರಸಭೆ ಸದಸ್ಯನ ಕೊಲೆ ಆಯಿತು. 26ನೇ ತಾರೀಕು ಜನ ಬೀದಿಗಿಳಿದು ಎಂಎನ್‌ಎಲ್‌ಎ ವಿರುದ್ಧ ಕೂಗಿದರು. ಅವರ ಮೇಲೆ ಗುಂಡು ಹಾರಿತು. ಮರುದಿನ ಮುಜಾವೊ ಎಂಎನ್‌ಎಲ್‌ಎ ಮೇಲೆ ಬಿದ್ದಿತು. ಬಿಲಾಲ್ ಅಗ್ ಅಶೆರಿಫ್‌ಗೆ ಗಾಯ, ಅವರನ್ನು ಬುರ್ಕಿನಾ ಫಾಸೊಗೆ ಸಾಗಿಸಬೇಕಾಯಿತು. ಸ್ವಾತಂತ್ರ್ಯ ಘೋಷಿಸಿ ಮೂರು ತಿಂಗಳು ತುಂಬಿರಲಿಲ್ಲ, 'ರಾಜಧಾನಿ' ಹೋಯಿತು. ಗಾವೊದ ಹುಡುಗರು ಚಪ್ಪಾಳೆ ತಟ್ಟಿದರು. ಕೆಲವೇ ದಿನಕ್ಕೆ ಅದೇ ಜಿಹಾದಿಗಳು ಸಿಗರೇಟಿಗೆ, ಸಂಗೀತಕ್ಕೆ, ಟಿವಿಯಲ್ಲಿ ಫುಟ್‌ಬಾಲ್ ನೋಡೋದಕ್ಕೆ ಅಡ್ಡ ಬಂದಾಗ ಚಪ್ಪಾಳೆ ನಿಂತಿತು. ಅದು ಬೇರೆ ವಿಷಯ.

ತಮಾಷೆ ಏನೆಂದರೆ, ಆ ಜೂನ್ ಆರಂಭದಲ್ಲಷ್ಟೇ ಎಂಎನ್‌ಎಲ್‌ಎ ಅಜವಾದ್‌ಗೆ ಮಧ್ಯಂತರ ರಾಜ್ಯ ಮಂಡಳಿ ಅಂತ ಒಂದನ್ನು ಪ್ರಕಟಿಸಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತೀವಲ್ಲ.

ಧರ್ಮದ ಜಗಳವೇ ಅಂತ ಕೇಳಿದ್ದೀರಿ. ಬಮಾಕೊದವರೂ ಹೆಚ್ಚುಕಡಿಮೆ ಎಲ್ಲ ಮುಸ್ಲಿಮರು, ಟುವಾರೆಗರೂ ಮುಸ್ಲಿಮರು. ಮಾಲಿಗೂ ಅಜವಾದ್‌ಗೂ ನಡುವಿನ ಜಗಳ ಧರ್ಮದ್ದಲ್ಲ. ಆದರೆ ಟುವಾರೆಗರ ಒಳಗಿನ ಜಗಳದಲ್ಲಿ ಧರ್ಮ ನುಗ್ಗಿತು. ಇಲ್ಲಿ ಮತ್ತೆ ಬರುತ್ತಾನೆ ಇಯಾದ್ ಅಗ್ ಘಾಲಿ. 1990ರ ಬಂಡಾಯದ ಹೀರೊ ಆಮೇಲೆ ಬಮಾಕೊ ಜೊತೆ ರಾಜಿಯಾದ, ಒತ್ತೆಯಾಳುಗಳ ಬಿಡುಗಡೆಗೆ ಮಧ್ಯವರ್ತಿಯಾದ, ಸೌದಿಯ ಜೆಡ್ಡಾದಲ್ಲಿ ಮಾಲಿ ದೂತಾವಾಸದ ಕೆಲಸವನ್ನೂ ಮಾಡಿದ. ಅಷ್ಟರಲ್ಲಿ ಮತನಿಷ್ಠೆ ಬಿಗಿಯಾಗಿತ್ತು. 2011ರ ಕೊನೆಯಲ್ಲಿ ಎಂಎನ್‌ಎಲ್‌ಎ ನಾಯಕತ್ವ ತನಗೆ ಕೊಡಿ ಎಂದು ಕೇಳಿದ. ಹುಡುಗರು ಒಪ್ಪಲಿಲ್ಲ. ಕಿಡಾಲ್‌ನ ಇಫೊಗಾಸ್ ಪಂಗಡದ ಹಿರಿತನದ ಮೇಲೂ ಅವನ ಕಣ್ಣಿತ್ತು. ಅದೂ ಸಿಗಲಿಲ್ಲ. ಎರಡೂ ಕಡೆ ಬಾಗಿಲು ಮುಚ್ಚಿದ ಮೇಲೆ ಕಟ್ಟಿದ್ದೇ 'ಅನ್ಸಾರ್ ದೀನ್' ಎಂಬ ಜಿಹಾದಿ ಸಂಘಟನೆ. ಮೇ 26ಕ್ಕೆ ಗಾವೊದಲ್ಲಿ ಇದೂ ಎಂಎನ್‌ಎಲ್‌ಎಯೂ ಒಟ್ಟಿಗೆ ಕೂತು 'ಇಸ್ಲಾಮಿಕ್ ಅಜವಾದ್' ಮಾಡೋಣ ಅಂತ ಸಹಿ ಹಾಕಿದವು. ಷರಿಯತ್ ಎಷ್ಟು, ಯಾವ ಥರ ಅನ್ನೋ ಮಾತು ಬಂದಾಗ ಕೆಲವೇ ದಿನದಲ್ಲಿ ಮುರಿದುಬಿತ್ತು. ಟಿಂಬಕ್ಟುವಿನಲ್ಲಿ ಅನ್ಸಾರ್ ದೀನ್‌ನವರು ಸೂಫಿ ಸಂತರ ಗೋರಿಗಳನ್ನು ಗುದ್ದಲಿ ಹಿಡಿದು ಒಡೆದದ್ದು ಇದಾದ ಒಂದು ತಿಂಗಳಿಗೆ.

ಪಂಗಡದ ಮಾತು ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಇದಿಲ್ಲದೆ ಇವತ್ತಿನ ಸುದ್ದಿ ಅರ್ಥ ಆಗೋದಿಲ್ಲ. ಟುವಾರೆಗ್ ಸಮಾಜದಲ್ಲೂ ಮೇಲು ಕೀಳು ಇದೆ. ಇಫೊಗಾಸ್ ಮೇಲಿನವರು. ಇಮ್ಘದ್ ಅನ್ನೋರು ಹಿಂದೆ ಅವರಿಗೆ ಕಪ್ಪ ಕೊಡುತ್ತಿದ್ದವರು, ಸಂಖ್ಯೆಯಲ್ಲಿ ಮಾತ್ರ ಜಾಸ್ತಿ. ಕಮ್ಮಾರರದ್ದೇ ಒಂದು ಜಾತಿ. ಎಲ್ಲರಿಗಿಂತ ಕೆಳಗೆ ಹಳೆಯ ಗುಲಾಮರ ಮಕ್ಕಳು, ಸೊಂಗೈ ಮಾತಿನಲ್ಲಿ 'ಬೆಲ್ಲಾ'. ಚುನಾವಣೆ ಬಂದಮೇಲೆ ಇಮ್ಘದ್‌ಗೆ ತಮ್ಮ ತಲೆಲೆಕ್ಕದ ಬೆಲೆ ಗೊತ್ತಾಯಿತು. ಹಾಗಿರುವಾಗ ಇಫೊಗಾಸ್ ಯಜಮಾನಿಕೆಯ ಸ್ವತಂತ್ರ ದೇಶ ಇವರಿಗೆ ಯಾಕೆ ಬೇಕು? ಮಾಲಿಯೇ ವಾಸಿ. ಇಮ್ಘದ್ ಪಂಗಡದ ಎಲ್ ಹಾಜ್ ಅಗ್ ಗಮು ಮಾಲಿ ಸೈನ್ಯದ ಅಧಿಕಾರಿ. 2012ರಲ್ಲಿ ಬಂಡುಕೋರರ ನಡುವೆ ಸಿಕ್ಕಿಬಿದ್ದಾಗ ನಾನೂ ನಿಮ್ಮವನೇ ಅಂತ ಘೋಷಿಸಿ, ತನ್ನ ಸೈನಿಕರನ್ನು ಕರೆದುಕೊಂಡು ನೈಜರ್ ಗಡಿ ದಾಟಿದ, ದಾಟಿದ ಮೇಲೆ ನಾನು ಮಾಲಿಯವನೇ ಅಂದ. ಚಾಲಾಕಿ ಮನುಷ್ಯ. 2014ರಿಂದ ಅವನ ಬೆಂಬಲಿಗರ ಪಡೆ ಗಟಿಯಾ ಪ್ರತ್ಯೇಕತಾವಾದಿಗಳ ವಿರುದ್ಧವೇ ಹೋರಾಡಿತು.

2013ರ ಜನವರಿಯಲ್ಲಿ ಜಿಹಾದಿಗಳು ದಕ್ಷಿಣದ ಕಡೆ ನುಗ್ಗಿದಾಗ ಫ್ರಾನ್ಸ್ ಸೈನ್ಯ ಕಳಿಸಿತು. ಗಾವೊ, ಟಿಂಬಕ್ಟು ಮಾಲಿ ಸೈನ್ಯಕ್ಕೆ ವಾಪಸ್ ಬಂದವು. ಕಿಡಾಲ್ ಬರಲಿಲ್ಲ. ಅಲ್ಲಿ ಫ್ರೆಂಚರು ಎಂಎನ್‌ಎಲ್‌ಎ ಜೊತೆ ಸೇರಿ ಜಿಹಾದಿಗಳನ್ನು ಹುಡುಕುತ್ತಿದ್ದರು, ಮಾಲಿ ಸೈನ್ಯವನ್ನು ಹೊರಗೇ ನಿಲ್ಲಿಸಿದರು. ಬಮಾಕೊದ ಜನ ಇದನ್ನು ಮರೆಯಲಿಲ್ಲ. ಮುಂದೆ ಅಲ್ಲಿ ಫ್ರಾನ್ಸ್ ವಿರುದ್ಧ ಎದ್ದ ಸಿಟ್ಟಿನ ಬೇರು ಹುಡುಕಿದರೆ ಅರ್ಧ ಕಿಡಾಲ್‌ನಲ್ಲೇ ಸಿಗುತ್ತದೆ. 2014ರ ಮೇ ತಿಂಗಳಲ್ಲಿ ಪ್ರಧಾನಿ ಮೂಸಾ ಮರಾ ಹಟ ಹಿಡಿದು ಕಿಡಾಲ್‌ಗೆ ಹೋದರು. ಗವರ್ನರ್ ಕಚೇರಿ ಮೇಲೆ ದಾಳಿಯಾಗಿ ಸರ್ಕಾರಿ ಅಧಿಕಾರಿಗಳು ಸತ್ತರು. ನಾಲ್ಕು ದಿನಕ್ಕೆ ಸೇಡು ತೀರಿಸಲು ಹೋದ ಸೈನ್ಯ ಸೋತು ಬಂತು. ಆಮೇಲೆ ಸುಮಾರು ಹತ್ತು ವರ್ಷ ಕಿಡಾಲ್ ಮಟ್ಟಿಗೆ ಅಜವಾದ್ ನಡೆಯುತ್ತಲೇ ಇತ್ತು. ಊರಿನ ಕಾವಲು, ಜೈಲು, ಪಂಚಾಯ್ತಿ ಎಲ್ಲ ಬಂಡುಕೋರರ ಕೈಯಲ್ಲಿ. ಹಸಿರು, ಕೆಂಪು, ಕಪ್ಪು ಪಟ್ಟಿಯ ಮೇಲೆ ಹಳದಿ ತ್ರಿಕೋನದ ಬಾವುಟ ಗೋಡೆಗಳ ಮೇಲೆ.

ಮಾಲಿ ಸರ್ಕಾರಕ್ಕೂ ಬಂಡುಕೋರರಿಗೂ ನಡುವೆ ಆದ 2015ರ ಅಲ್ಜೀರ್ಸ್ ಒಪ್ಪಂದದಲ್ಲಿ ಒಂದು ಜಾಣತನದ ವಾಕ್ಯವಿದೆ. ಅಜವಾದ್ ಅನ್ನೋದು ಉತ್ತರ ಮಾಲಿಯ ಬೇರೆಬೇರೆ ಜನ ಹಂಚಿಕೊಂಡಿರುವ ಸಾಮಾಜಿಕ, ಸಾಂಸ್ಕೃತಿಕ, ನೆನಪಿನ ವಾಸ್ತವ ಅಂತ ಅದರಲ್ಲಿ ಬರೆದರು. ಅಂದರೆ ಹೆಸರು ಇಟ್ಟುಕೊಳ್ಳಿ, ದೇಶ ಬೇಡ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮಾಜಿ ಬಂಡುಕೋರರು, ಸೈನಿಕರು ಒಟ್ಟಿಗೆ ಗಸ್ತು ತಿರುಗಬೇಕಿತ್ತು. 2017ರ ಜನವರಿಯಲ್ಲಿ ಗಾವೊದಲ್ಲಿ ಇಂಥ ಜಂಟಿ ಶಿಬಿರದೊಳಗೆ ಆತ್ಮಹತ್ಯಾ ಬಾಂಬರ್ ನುಗ್ಗಿ 50ಕ್ಕೂ ಹೆಚ್ಚು ಜನರನ್ನು ಕೊಂದ. ಒಪ್ಪಂದ ಕುಂಟಿತು.

ಉಳಿದದ್ದು ಬೇಗ ಹೇಳ್ತೇನೆ. 2020, 2021ರಲ್ಲಿ ಬಮಾಕೊದಲ್ಲಿ ಎರಡು ಕ್ಷಿಪ್ರಕ್ರಾಂತಿ, ಸೇನಾಧಿಕಾರಿ ಅಸಿಮಿ ಗೊಯಿಟಾ ಕೈಗೆ ಅಧಿಕಾರ. ಫ್ರೆಂಚರು ಹೋದರು, ರಷ್ಯಾದ ವ್ಯಾಗ್ನರ್ ಬಾಡಿಗೆ ಪಡೆ ಬಂತು. ವಿಶ್ವಸಂಸ್ಥೆಯ ಶಾಂತಿಪಡೆಗೂ ಹೊರಡಿ ಎಂದರು. 2023ರ ನವೆಂಬರ್ 14ರಂದು ಮಾಲಿ ಸೈನ್ಯ ಕಿಡಾಲ್ ಒಳಗೆ ಕಾಲಿಟ್ಟಿತು. ಅಲ್ಲಿಗೆ ಗವರ್ನರ್ ಅಂತ ನೇಮಿಸಿದ್ದು ಯಾರನ್ನು ಗೊತ್ತಾ? ಅದೇ ಅಗ್ ಗಮು. 2024ರ ಜನವರಿಯಲ್ಲಿ ಅಲ್ಜೀರ್ಸ್ ಒಪ್ಪಂದ ಮುಗಿಯಿತು ಅಂತ ಸೇನಾಡಳಿತ ಸಾರಿತು. ಜುಲೈನಲ್ಲಿ ಅಲ್ಜೀರಿಯಾ ಗಡಿಯ ತಿನ್‌ಜವಾತೆನ್‌ನಲ್ಲಿ, ಮರಳು ಬಿರುಗಾಳಿಯ ನಡುವೆ, ವ್ಯಾಗ್ನರ್ ಮತ್ತು ಸೈನ್ಯದ ತುಕಡಿಗೆ ದೊಡ್ಡ ಪೆಟ್ಟು ಬಿತ್ತು. ನವೆಂಬರ್ 30ಕ್ಕೆ ಹಳೆಯ ಗುಂಪುಗಳು ಕರಗಿ 'ಅಜವಾದ್ ವಿಮೋಚನಾ ರಂಗ' ಆಯಿತು. ಅದರ ಮುಖ್ಯಸ್ಥ ಅಲ್ಘಬಾಸ್ ಅಗ್ ಇಂಟಾಲಾ, ಕಿಡಾಲ್ ಹಿರಿಯರ ಮನೆತನದ ಮಗ. ಈತ 2012ರಲ್ಲಿ ಅನ್ಸಾರ್ ದೀನ್ ಜೊತೆಗಿದ್ದ, 2013ರಲ್ಲಿ ಅದನ್ನು ಬಿಟ್ಟ, 2015ರ ಒಪ್ಪಂದದ ಕಾಲದಲ್ಲಿ ಮಾತುಕತೆಯ ಮೇಜಿನಲ್ಲಿದ್ದ. ಇಯಾದ್ ಅಗ್ ಘಾಲಿ ಅಂತೂ 2017ರಿಂದ ಅಲ್‌ಖೈದಾ ಜೊತೆಗಿನ ಜೆಎನ್‌ಐಎಂ ಎಂಬ ಜಿಹಾದಿ ಕೂಟದ ನಾಯಕ. ಸುತ್ತಿ ಸುತ್ತಿ ಅದೇ ಹತ್ತು ಹನ್ನೆರಡು ಹೆಸರುಗಳು, ಬಾವುಟ ಮಾತ್ರ ಬೇರೆ ಬೇರೆ.

ಕೊನೆಗೆ ಪಾಸ್‌ಪೋರ್ಟ್. ಅಜವಾದ್‌ನ ಪಾಸ್‌ಪೋರ್ಟ್ ತೋರಿಸಿ ಯಾವ ಗಡಿಯನ್ನೂ ದಾಟೋಕೆ ಆಗೋದಿಲ್ಲ. ಕಾಗದ ಇದ್ದವರ ಹತ್ತಿರ ಇರೋದು ಮಾಲಿಯದ್ದು. ಓಡಿಹೋದವರಲ್ಲಿ ಬಹಳ ಜನ ಮೌರಿಟಾನಿಯಾದ ಎಂಬೆರಾ ಶಿಬಿರದಲ್ಲಿದ್ದಾರೆ. ಒಂದು ಲಕ್ಷಕ್ಕೂ ಹೆಚ್ಚು ಜನ, 2012ರಿಂದ ಬಂದವರೂ ಇದ್ದಾರೆ, ಅಲ್ಲೇ ಹುಟ್ಟಿದ ಮಕ್ಕಳೂ ಇದ್ದಾರೆ. ವಿಶ್ವಸಂಸ್ಥೆಯ ಲೆಕ್ಕದಲ್ಲಿ ಅವರು ದಾಖಲಾಗಿರೋದು 'ಮಾಲಿಯ ನಿರಾಶ್ರಿತರು' ಅಂತ.